ಅಂಗೈಗೆ ಇಂಜೆಕ್ಷನ್ ಕೊಡುವಾಗ ರೋಗಿಯ ಮನಸ್ಸು ಬ್ಯಾರೆ ಕಡೆ ಹ್ಯಾಂಗ ತಿರುಗಿಸೋದು?

ಪ್ರಶ್ನೆ: ನರ್ಸಿಂಗ್ ಆಫೀಸರ್, ಯಾದಗಿರಿ

ಟ್ರಿಗರ್ ಫಿಂಗರ್ ಇರೋರು, ಅಂದ್ರ ಮಡಚಿದ ಬೆರಳು ಸಿಕ್ಕೊಂಡು ಟಕ್ ಅಂತ ಬಿಚ್ಚೋ ತೊಂದ್ರಿ ಇರೋರು, ನಮ್ಮ ಓಪಿಡಿಗೆ ಭಾಳ ಬರ್ತಾರ. ದಿನಾ ರೊಟ್ಟಿ ಬಡಿಯೋ ಹೆಣ್ಮಕ್ಕಳು, ಶುಗರ್ ಇದ್ದವರೇ ಹೆಚ್ಚು. ಅಂಗೈಗೆ ಸ್ಟಿರಾಯ್ಡ್ ಅಂದ ಕೂಡ್ಲೇ ಕೈ ಹಿಂದಕ್ಕ ಎಳ್ಕೋತಾರ, ಕೆಲವರು ಬೆವತು ತಲಿ ತಿರುಗಿ ಬೀಳ್ತಾರ. ‘ಆ ಕಡೆ ನೋಡ್ರಿ’ ಅಂದ್ರ ಸಾಲ್ತಿಲ್ಲ. ಖರ್ಚಿಲ್ದ ಏನು ಮಾಡಬಹುದು? ಯಾವಾಗ ಶುರು ಮಾಡಬೇಕು?

ಉತ್ತರ: ಕೈ ಶಸ್ತ್ರಚಿಕಿತ್ಸಾ ವಿಭಾಗ, ಕಲಬುರಗಿ

ಕಣ್ಣು ಆ ಕಡೆ ತಿರುಗಿದ್ರೂ ಮನಸ್ಸು ಅಂಗೈಯಾಗೇ ಇರ್ತದ್ರಿ ಸಿಸ್ಟರ್. ಅದಕ್ಕ ಕೆಲಸ ಕೊಡಬೇಕು. ಸೂಜಿ ಚುಚ್ಚಿದ ಕ್ಷಣಕ್ಕಿಂತ ಔಷಧ ಒಳಗ ಹೋಗಿ ಜಾಗ ಹಿಗ್ಗುವಾಗಿನ ಬ್ಯಾನಿ ಜಾಸ್ತಿ. ಆದ್ರ ಸೂಜಿ ಹೋದ ಕೂಡ್ಲೇ ‘ಆತು, ಆತು’ ಅಂತ ಮಾತು ನಿಲ್ಲಿಸಿಬಿಡ್ತಾರ, ಅಲ್ಲೇ ಕೆಡ್ತದ. ಸ್ಪಿರಿಟ್ ಹಚ್ಚೋಕಿಂತ ಅರ್ಧ ನಿಮಿಷ ಮೊದ್ಲ ಶುರು ಮಾಡಿ, ಹತ್ತಿ ಒತ್ತಿ ಹಿಡಿಯೋತನಕ ಬಿಡಬ್ಯಾಡ್ರಿ.

‘ಊರು ಯಾವುದು, ಮಕ್ಕಳೆಷ್ಟು’ ಅನ್ನೋ ಒಂದೇ ಮಾತಿನ ಉತ್ತರದ ಪ್ರಶ್ನಿ ಬ್ಯಾಡ. ಎಣ್ಣಿ ಬದ್ನಿಕಾಯಿ ಮಸಾಲಿಗೆ ಏನೇನು ಹುರೀತೀರಿ, ಯಾವುದು ಮೊದ್ಲ, ಯಾವುದು ಆಮ್ಯಾಲ ಅಂತ ಕೇಳ್ರಿ. ಗಂಡಸ್ರಿಗೆ ಶಹಾಪುರದ ಬಸ್ಸು ಎಲ್ಲೆಲ್ಲಿ ನಿಲ್ತದ ಅಂತ ಸಾಲಾಗಿ ಹೇಳ್ಸಿರಿ, ಇಲ್ಲಾ ನೂರರಿಂದ ಮೂರು ಮೂರು ಕಳ್ಕೋಂತ ಬರ್ಲಿ. ದಖ್ಖನಿ, ತೆಲುಗು ಮಾತಾಡೋರಿಗೆ ಅವರ ಮಾತಿನಾಗೇ ಕೇಳ್ರಿ. ಕೇಳೋರು ಸೂಜಿ ಹಿಡಿದವರಲ್ಲ, ಇನ್ನೊಬ್ರು ಆ ಕಡೆ ತಲಿ ಹತ್ರ ನಿಂತಿರಬೇಕು.

ಇನ್ನೊಂದು ಕೈಯಾಗ ಮೆತ್ತನ ಚೆಂಡು, ಇಲ್ಲಾಂದ್ರ ಬ್ಯಾಂಡೇಜ್ ಸುರುಳಿ ಕೊಟ್ಟು ನಿಧಾನ ಹಿಚುಕಲಿ. ರಕ್ತ ತೆಗೆಯುವಾಗ ಕೆಮ್ಮಿಸೋ ಉಪಾಯ ಅದ, ಆದ್ರ ಅಂಗೈಗೆ ಅದು ಬ್ಯಾಡೇ ಬ್ಯಾಡ. ಮೈ ಅಲುಗಿ ಸೂಜಿ ಜಾಗ ಬಿಡ್ತದ.

ಇದು ಮಾತ್ರ ಮರೀಬ್ಯಾಡ್ರಿ: ‘ಬೆರಳಿಗೆ ಕರೆಂಟ್ ಹೊಡ್ದಂಗ ಆದ್ರ ತಕ್ಷಣ ಹೇಳ್ರಿ ಅಮ್ಮಾ’ ಅಂತ ಮೊದ್ಲೇ ಹೇಳಿರಬೇಕು. ಅದು ನರ ತಾಗಿದ ಗುರ್ತು, ಅಲ್ಲಿ ಔಷಧ ಬಿಡಬಾರ್ದು. ಮಣಿಕಟ್ಟಿನ ಕಾರ್ಪಲ್ ಟನಲ್, ಅಂದ್ರ ಕೈಗೆ ಬರೋ ನರ ಹಾಯೋ ಇಕ್ಕಟ್ಟಿನ ಸಂದಿ, ಅದರ ಇಂಜೆಕ್ಷನ್ನಾಗ ಇನ್ನೂ ಎಚ್ಚರ ಬೇಕು. ಹಂಗಾಗಿ ಎರಡೂ ಕಿವಿಗೆ ಇಯರ್‌ಫೋನ್ ಹಾಕಿ ಕೂಡಿಸಬ್ಯಾಡ್ರಿ.

ಉತ್ತರ: ಅನಸ್ತೇಷಿಯಾ ಟೆಕ್ನಿಷಿಯನ್, ಬೀದರ್

ಸರ್ ಹೇಳಿದ್ದಕ್ಕ ಸೇರಿಸ್ತೀನಿ. ಮಾತಿನ ಜೊತಿಗೆ ಚರ್ಮಕ್ಕೂ ಬ್ಯಾರೆ ಸುದ್ದಿ ಕೊಡ್ರಿ. ಸೂಜಿ ಜಾಗದಿಂದ ಮಣಿಕಟ್ಟಿನ ಕಡೆ ನಾಲ್ಕೈದು ಸೆಂಟಿಮೀಟರ್ ಮ್ಯಾಲೆ ಸಣ್ಣ ಮಸಾಜರ್ ಇಡ್ರಿ, ಇಲ್ಲಾ ಬೆರಳಿಂದ ಗಟ್ಟಿಯಾಗಿ ತಿಕ್ರಿ. 1965ರಾಗ ಮೆಲ್ಜಾಕ್, ವಾಲ್ ಹೇಳಿದ ಗೇಟ್ ಕಂಟ್ರೋಲ್ ಸಿದ್ಧಾಂತದ ಪ್ರಕಾರ, ಸ್ಪರ್ಶದ ಸುದ್ದಿ ಬೆನ್ನುಹುರಿಯಾಗ ನೋವಿನ ಸುದ್ದಿಯನ್ನ ತಡೀತದ. ಮಸಾಜರ್ ಸೂಜಿಗೇ ತಾಗಿದ್ರ ಮಾತ್ರ ಕೆಲಸ ಕೆಡ್ತದ.

ಸ್ಪಿರಿಟ್ 30 ಸೆಕೆಂಡ್ ಒಣಗಲಿ, ಹಸಿ ಇದ್ರ ಉರೀತದ. ಔಷಧ ಎಳೆದ ಸೂಜಿಯಿಂದಲೇ ಚುಚ್ಚಬ್ಯಾಡ್ರಿ, ಬಾಟ್ಲಿ ರಬ್ಬರಿಗೆ ಮೊನಿ ಮೊಂಡಾಗಿರ್ತದ. ಹೊಸ 26 ಗೇಜ್ ಸಣ್ಣ ಸೂಜಿ ಹಾಕ್ರಿ, ಔಷಧ ಭಾಳ ನಿಧಾನ ಒತ್ತಲಿಕ್ಕೆ ಡಾಕ್ಟರಿಗೆ ಹೇಳ್ರಿ. ಇವು ತಪ್ಪಿದ್ರ ಎಷ್ಟು ಮಾತಾಡಿದ್ರೂ ವ್ಯರ್ಥ.

ತಲಿ ತಿರುಗೋರನ್ನ ಮಲಗಿಸಿ, ಕೈ ಪಕ್ಕದ ಮೇಜಿನ ಮ್ಯಾಲೆ ಇಡ್ರಿ. ತೊಡಿ, ಮೀನಖಂಡ 10-15 ಸೆಕೆಂಡ್ ಬಿಗಿ ಹಿಡಿದು ಬಿಡೋದು ಕಲಿಸ್ರಿ. ಬ್ಯಾಸಗಿ ಬಿಸಿಲಾಗ ದೂರದ ಹಳ್ಳಿಯಿಂದ ಉಪವಾಸ ಬಂದಿರ್ತಾರ. ಶುಗರ್ ಗುಳಿಗಿ ನುಂಗಿ ಊಟ ಬಿಟ್ಟವರು ಬೆವತ್ರ ಹೆದ್ರಿಕಿ ಅಂತ ಬಿಡಬ್ಯಾಡ್ರಿ, ಶುಗರ್ ಇಳಿದದೇನು ಅಂತ ಗ್ಲುಕೋಮೀಟರಿನಾಗ ನೋಡ್ರಿ.

ಪ್ರಶ್ನೆ ಕೇಳಿದವರು

ಉಪಕಾರ ಆತು ಸರ್. ಸಣ್ಣ ಮಕ್ಕಳ ಮುಂಗೈಗೆ ಕ್ಯಾನುಲಾ, ಅಂದ್ರ ಸಲೈನ್ ಹಚ್ಚೋ ಸಣ್ಣ ನಳಿಗಿ, ಹಾಕುವಾಗ ಏನು ಮಾಡಬೇಕು?

ಉತ್ತರ: ಮಕ್ಕಳ ವಾರ್ಡ್ ಸಿಬ್ಬಂದಿ, ಕಲಬುರಗಿ

ಮಂಚಕ್ಕ ಒತ್ತಿ ಹಿಡಿಯೋದು ಬ್ಯಾಡ. ತಾಯಿ ತೊಡಿ ಮ್ಯಾಲೆ ಎದಿಗೆ ಎದಿ ಹಚ್ಚಿ ಕೂಡಿಸಿ, ಕೈ ತಾಯಿ ಬಗಲಾಗಿಂದ ಹಿಂದಕ್ಕ ಚಾಚಿಸ್ರಿ. ಒಬ್ಬರು ಮೊಣಕೈ, ಮಣಿಕಟ್ಟು ಎರಡೂ ಹಿಡೀಬೇಕು. ಮೂರು ವರ್ಷ ದಾಟಿದ ಮಗು ತಾಯಿ ಹೆಗಲ ಮ್ಯಾಲಿಂದ ಸಾಬೂನಿನ ಗುಳ್ಳಿ ಇಲ್ಲಾ ಕಾಗದದ ಗಿರಗಿಟ್ಲಿ ಊದಲಿ. ಉದ್ದಕ ಉಸಿರು ಬಿಡುವಾಗ ಮೈ ಸಡಿಲಾಗ್ತದ. ಮೊಬೈಲ್ ಕೊಟ್ರ ಸೂಜಿ ಕಾಣೋಕಿಂತ ಮೊದ್ಲ ಕೊಡ್ರಿ, ಪಟ್ಟಿ ಅಂಟಿಸೋತನಕ ಕಸ್ಕೋಬ್ಯಾಡ್ರಿ. ಕೂಸು ಆದ್ರ ತಾಯಿ ಮೊಲಿ ಕುಡಿಸ್ಕೋಂತ ಕುಂತಿರಲಿ.

ಹೊತ್ತು ಇದ್ರ ಚರ್ಮ ಜೋಮು ಹಿಡಿಸೋ ಲಿಗ್ನೋಕೇನ್-ಪ್ರಿಲೋಕೇನ್ ಕ್ರೀಮ್ ಹಚ್ಚಿ, ಪ್ಲಾಸ್ಟಿಕ್ ಪಟ್ಟಿ ಮುಚ್ಚಿ 60 ನಿಮಿಷ ಬಿಡ್ರಿ. ಕೂಸಿಗಾದ್ರ ಎಷ್ಟು ಹಚ್ಚಬೇಕು ಅಂತ ಡಾಕ್ಟರಿಗೆ ಕೇಳ್ರಿ. ಹತ್ತು ನಿಮಿಷಕ್ಕ ಒರೆಸಿದ್ರ ಏನೂ ಉಪಯೋಗ ಆಗಂಗಿಲ್ಲ. ‘ನೋವೇ ಆಗಲ್ಲ’ ಅಂತ ಸುಳ್ಳು ಹೇಳಬ್ಯಾಡ್ರಿ, ಮುಂದಿನ ಸಲ ಆ ಮಗು ನಿಮ್ಮನ್ನ ನಂಬಂಗಿಲ್ಲ.