ಅಪ್ಪಾಜಿ ಲಿವರಲ್ಲಿ 1.8 ಸೆಂ.ಮೀ. ಗಂಟು, ಬಯಾಪ್ಸಿ ಇಲ್ದೆ ಎಂಆರ್‌ಐ ನೋಡಿನೇ ಕ್ಯಾನ್ಸರ್ ಅಂತ ಹೇಳಕ್ಕಾಗುತ್ತಾ?

ತೆಂಗಿನತೋಟ:
ಎಲ್ರಿಗೂ ನಮಸ್ಕಾರ. ಅಪ್ಪಾಜಿಗೆ 67 ವರ್ಷ, ಹೆಪಟೈಟಿಸ್ ಬಿ ತುಂಬಾ ಹಳೇದು, ನಾಲ್ಕು ವರ್ಷದಿಂದ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡೋದು) ಅಂತಾನೂ ಆಗಿದೆ. ಆರು ತಿಂಗಳಿಗೊಂದ್ಸಲ ಹೊಟ್ಟೆ ಸ್ಕ್ಯಾನಿಂಗ್ ತಪ್ಪಿಸಿಲ್ಲ, ಈ ಸಲ ಬಲಗಡೆ ಭಾಗದಲ್ಲಿ 1.8 ಸೆಂ.ಮೀ. ಗಂಟು ಅಂತ ಬಂತು. ಎಎಫ್‌ಪಿ (ಲಿವರ್ ಕ್ಯಾನ್ಸರ್ ಸುಳಿವಿಗೆ ನೋಡೋ ರಕ್ತ ಪರೀಕ್ಷೆ) 11 ಇದೆ, ಡಾಕ್ಟ್ರು ಅದೇನು ಅಷ್ಟು ಜಾಸ್ತಿ ಅಲ್ಲ ಅಂದ್ರು, ನಮಗೂ ಜೀವ ಬಂದಂಗಾಯ್ತು, ಅಷ್ಟರಲ್ಲೇ ಡೈ ಹಾಕಿ ಎಂಆರ್‌ಐ ಮಾಡಿಸ್ಕೊಂಡು ಬನ್ನಿ ಅಂತ ಬರ್ಕೊಟ್ರು. ಈಗ ನಮ್ ಚಿಕ್ಕಪ್ಪ ಮನೆಯೋರ ತಲೆ ಎಲ್ಲ ಕೆಡಿಸಿಟ್ಟಿದಾರೆ, ಕ್ಯಾನ್ಸರ್ ಅಂದ್ರೆ ಸೂಜಿ ಹಾಕಿ ತುಣುಕು ತೆಗೆದು ನೋಡ್ಬೇಕು, ಫೋಟೋ ನೋಡಿ ಹೇಳೋದೆಲ್ಲ ದುಡ್ಡು ಹೊಡೆಯೋ ದಾರಿ ಅಂತಾರೆ. ಗೊತ್ತಿರೋರು ಹೇಳಿ.

ಸ್ಕ್ಯಾನ್‌ರೂಮ್:
ಹನ್ನೆರಡು ವರ್ಷದಿಂದ ಎಂಆರ್‌ಐ ಟೆಕ್ನಿಷಿಯನ್ ಕೆಲಸ ನಂದು, ಡಾಕ್ಟರಲ್ಲ, ಅಷ್ಟು ತಲೇಲಿಟ್ಕೊಂಡು ಓದಿ. ಚಿಕ್ಕಪ್ಪ ಹೇಳಿದ್ದು ಬೇರೆ ಕ್ಯಾನ್ಸರ್‌ಗಳಿಗೆ ಬಹುಪಾಲು ಸರಿನೇ, ಲಿವರ್ ಕಥೆ ಬೇರೆ. ಲಿವರ್‌ಗೆ ರಕ್ತ ಎರಡು ಕಡೆಯಿಂದ ಬರುತ್ತೆ, ಹೆಚ್ಚುಕಮ್ಮಿ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರೋ ಪೋರ್ಟಲ್ ವೇನ್ ಅನ್ನೋ ರಕ್ತನಾಳದ್ದು, ಕಾಲು ಪಾಲು ಅಪಧಮನಿದು. ಎಚ್‌ಸಿಸಿ ಅನ್ನೋ ಲಿವರ್ ಕ್ಯಾನ್ಸರ್ ಗಂಟು ಬೆಳೀತಾ ಬೆಳೀತಾ ಅಪಧಮನಿಗೇ ಬಾಯಿ ಹಾಕುತ್ತೆ. ಹಂಗಾಗಿ ಡೈ ಕೊಟ್ಟ ಅರ್ಧ ನಿಮಿಷದ ಆಸುಪಾಸಲ್ಲಿ ಗಂಟು ಬೆಳ್ಳಗೆ ಹೊಳೆಯುತ್ತೆ, ಸುತ್ತಲ ಲಿವರ್ ಇನ್ನೂ ಮಂಕಾಗಿರುತ್ತೆ, ನಿಮಿಷ ದಾಟಿದ್ಮೇಲೆ ಉಲ್ಟಾ, ಲಿವರ್ ಬೆಳಗುತ್ತೆ ಗಂಟು ಕಪ್ಪಾಗುತ್ತೆ. ಅದಕ್ಕೆ ವಾಷ್‌ಔಟ್ ಅಂತಾರೆ. ಸಿರೋಸಿಸ್ ಅಥವಾ ಹಳೇ ಹೆಪಟೈಟಿಸ್ ಬಿ ಇರೋರಲ್ಲಿ 1 ಸೆಂ.ಮೀ.ಗಿಂತ ದೊಡ್ಡ ಗಂಟು ಈ ಎರಡೂ ಆಟ ಆಡಿದ್ರೆ ರಿಪೋರ್ಟಲ್ಲಿ ಎಲ್‌ಆರ್-5 ಅಂತ ಬರೀತಾರೆ (ಎಲ್‌ಆರ್ ಅನ್ನೋದು ಗಂಟು ಎಷ್ಟು ಅನುಮಾನದ್ದು ಅಂತ ಹೇಳೋ ದರ್ಜೆ), ಅಂದ್ರೆ ಎಚ್‌ಸಿಸಿ ಅನ್ನೋದು ಖಾತ್ರಿ, ತುಣುಕು ಬೇಕಾಗಲ್ಲ. ಎಲ್‌ಆರ್-3 ಬಂದ್ರೆ ಮೂರರಿಂದ ಆರು ತಿಂಗಳು ಬಿಟ್ಟು ಮತ್ತೆ ನೋಡೋದು, 4 ಬಂದ್ರೆ ಡಾಕ್ಟ್ರುಗಳು ಕೂತು ಮಾತಾಡಿ ತೀರ್ಮಾನ ಮಾಡ್ತಾರೆ, ಎಲ್‌ಆರ್-ಎಂ ಅಂದ್ರೆ ಕ್ಯಾನ್ಸರ್ ತರ ಕಾಣುತ್ತೆ ಆದ್ರೆ ಎಚ್‌ಸಿಸಿನೇ ಅಂತ ಹೇಳಕ್ಕಾಗಲ್ಲ ಅಂತ, ಆಗ ಸಾಮಾನ್ಯವಾಗಿ ಬಯಾಪ್ಸಿನೇ. ಲಿವರ್ ಚೆನ್ನಾಗಿರೋ ಮನುಷ್ಯನಿಗೆ ಈ ಲೆಕ್ಕ ಹಾಕೋ ಹಾಗಿಲ್ಲ, ಯಾಕಂದ್ರೆ ಅವರಲ್ಲಿ ಅಪಾಯ ಇಲ್ಲದ ಗಂಟುಗಳೂ ಹೊಳೀತಾವೆ. ಇನ್ನು ಎಎಫ್‌ಪಿ ಕಮ್ಮಿ ಇದೆ ಅಂತ ನಿಶ್ಚಿಂತೆಯಾಗಿ ಕೂರಬೇಡಿ, ಸಣ್ಣ ಗಂಟಿಗೆ ಎಷ್ಟೋ ಸಲ ಅದು ಏರೋದೇ ಇಲ್ಲ. ಸೂಜಿ ಹಾಕಿದ್ರೆ ರಕ್ತ ಹೋಗೋ ಭಯ, ಸೂಜಿ ಹೋದ ದಾರೀಲಿ ಕ್ಯಾನ್ಸರ್ ಕಣ ಹರಡೋ ಭಯನೂ ಸ್ವಲ್ಪ ಇರುತ್ತೆ.

ಧಾರವಾಡದಾಕಿ:
ನಮ್ಮ ಅವ್ವಗ ಹ್ವಾದ ವರ್ಷ ಇದ ಆಗಿತ್ರಿ. ಹೊಟ್ಟ್ಯಾಗ ನೀರು ತುಂಬಿತ್ತು, ಮಲಗಿದ್ರ ಉಸುರ ಹತ್ತತಿತ್ತು, ಆದ್ರೂ ಹಂಗ ಒಳಗ ಕಳಿಸಿದ್ರು. ರಿಪೋರ್ಟ್‌ನ್ಯಾಗ ಏನ ಬಂತು ಗೊತ್ತೇನ್ರಿ, ಮುಖ್ಯ ಫೋಟೋನೇ ಅಲುಗಾಡಿ ಹಾಳಾಗೇದ, ಹೇಳಾಕ ಬರಂಗಿಲ್ಲ ಅಂತ. ರೊಕ್ಕನೂ ಹೋತು ಹದಿನೈದು ದಿನನೂ ಹೋದುವು. ನೀರ ತಗಸಿ ಮತ್ತ ಮಾಡಿಸಿದಮ್ಯಾಲ ಸರಿ ಬಂತು. ನಿಮ್ಮ ತಂದಿಯವರಿಗೆ ನೀರ ಇದ್ರ ಮೊದಲ ಹೇಳ್ರಿ.

ತೆಂಗಿನತೋಟ:
ಥ್ಯಾಂಕ್ಸ್ ಅಕ್ಕ. ಅಪ್ಪಾಜಿಗೆ ನೀರಿಲ್ಲ, ಆದ್ರೆ ಬೇರೆ ತಲೆನೋವಿದೆ, ಅವರಿಗೆ ಕಿವಿ ಕೇಳಲ್ಲ, ಹಿಯರಿಂಗ್ ಏಡ್ ಇಲ್ದಿದ್ರೆ ಗುಡುಗಿದ್ರೂ ಗೊತ್ತಾಗಲ್ಲ. ಉಸಿರು ಹಿಡೀರಿ ಬಿಡೀರಿ ಅಂತ ಮೈಕಲ್ಲಿ ಹೇಳಿದ್ರೆ ಏನ್ ಮಾಡೋದು? ಪ್ರೈಮೋವಿಸ್ಟ್ ಅಂತ ಡೈ ಬರ್ದಿದಾರೆ, ಸಾದಾ ಡೈಗಿಂತ ರೇಟ್ ಜಾಸ್ತಿ, ಅದೇ ಬೇಕಾ?

ಸ್ಕ್ಯಾನ್‌ರೂಮ್:
ಏಡ್ ತೆಗೀಲೇಬೇಕು, ಮ್ಯಾಗ್ನೆಟ್ ಹತ್ರ ಹೋಗೋ ಹಾಗಿಲ್ಲ. ಮುಂಚೆನೇ ಟೆಕ್ನಿಷಿಯನ್‌ಗೆ ಹೇಳಿ, ನಿಮ್ಮನ್ನೂ ಚೆಕ್ ಮಾಡಿ ಒಳಗೆ ಬಿಟ್ರೆ ಕಾಲ ಹತ್ರ ನಿಂತ್ಕೊಳ್ಳಿ, ಹೆಬ್ಬೆರಳು ಅಮುಕಿದ್ರೆ ಉಸಿರು ಬಿಟ್ಟು ಹಾಗೇ ಹಿಡ್ಕೋಬೇಕು, ಕೈ ತೆಗೆದ್ರೆ ಉಸಿರಾಡ್ಬೋದು. ಮನೇಲಿ ಗಡಿಯಾರ ಇಟ್ಕೊಂಡು 15-20 ಸೆಕೆಂಡ್ ಪ್ರಾಕ್ಟೀಸ್ ಮಾಡ್ಸಿ, ನಿಜವಾಗ್ಲೂ ರಿಪೋರ್ಟ್ ಅಲ್ಲೇ ನಿಲ್ಲೋದು. ಪ್ರೈಮೋವಿಸ್ಟ್ ವಿಷಯ ಏನಂದ್ರೆ, ಆ ಡೈಯನ್ನ ಲಿವರ್ ಜೀವಕೋಶಗಳೇ ಎಳ್ಕೊಳ್ತಾವೆ, 20 ನಿಮಿಷ ಆದ್ಮೇಲೆ ತೆಗೆಯೋ ಫೋಟೋದಲ್ಲಿ ಲಿವರೆಲ್ಲ ಬೆಳ್ಳಗೆ, ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ಕಪ್ಪು ತೂತಿನ ಥರ ಕಾಣುತ್ತೆ, ಸಣ್ಣ ಗಂಟು ಹುಡುಕಕ್ಕೆ ತುಂಬಾ ಒಳ್ಳೇದು. ಬೇಜಾರೇನು ಅಂದ್ರೆ ಅದು ಒಳಗೆ ಹೋದ ತಕ್ಷಣ ಕೆಲವರಿಗೆ ಉಸಿರು ತಡೆಯಕ್ಕಾಗಲ್ಲ, ಬೇಕಾದ ಫೋಟೋನೇ ಕೆಡುತ್ತೆ. ಬಿಲಿರುಬಿನ್ (ಕಾಮಾಲೆಲಿ ಏರೋ ಹಳದಿ ಅಂಶ) ತುಂಬಾ ಏರಿದ್ರೆ ಲಿವರ್ ಅದನ್ನ ಸರಿಯಾಗಿ ಎಳ್ಕೊಳ್ಳಲ್ಲ, ದುಡ್ಡು ದಂಡ. ಸಾದಾ ಡೈ ಎಂಆರ್‌ಐಯಲ್ಲೂ ಎಲ್‌ಆರ್-5 ಹೇಳ್ತಾರೆ, ಸುಮ್ನೆ ಡಾಕ್ಟ್ರನ್ನೇ ಕೇಳಿ. ಕಿಡ್ನಿ ಹೇಗಿದೆ ಅಂತ ಹೇಳೋ ಕ್ರಿಯಾಟಿನಿನ್ ರಿಪೋರ್ಟ್ ಕೈಲಿರ್ಲಿ, ಪೇಸ್‌ಮೇಕರ್ ಇದ್ರೆ ಮೊದಲೇ ಹೇಳಿ.

ತೆಂಗಿನತೋಟ:
ಆಯ್ತು, ಮುಗಿಸ್ಕೊಂಡ್ ಬಂದ್ವಿ. ಬಟ್ಟೆ ಬದಲಾಯಿಸೋವಾಗ ಗಲಾಟೆ, ಉಡಿದಾರದಲ್ಲಿ ತಾಯತ ಇದೆ ಅಂತ ಗೊತ್ತಾಗಿ ತೆಗೀರಿ ಅಂದ್ರೆ ಮದುವೆ ಆದಾಗಿನಿಂದ ಬಿಚ್ಚಿಲ್ಲ ಅಂತ ಅಪ್ಪಾಜಿ ಹಠ, ಕೊನೆಗೆ ನನ್ ಸೊಂಟಕ್ಕೆ ಕಟ್ಕೋ ಅಂದ್ರು, ನಾನೂ ಒಳಗೆ ಹೋಗ್ಬೇಕಲ್ಲಪ್ಪ ಅಂತ ಅಮ್ಮನ ಕೈಗೆ ಕೊಟ್ವಿ. ಹೆಬ್ಬೆರಳು ಐಡಿಯಾ ಸಖತ್ತಾಗಿ ವರ್ಕ್ ಆಯ್ತು ಸರ್, ಕಿವೀಲಿ ಹತ್ತಿ ತುರುಕಿದ್ರೂ ಡಬ್ ಡಬ್ ಸದ್ದಿಗೆ ನಂಗೇ ತಲೆ ಚಿಟ್ ಹಿಡೀತು, ಅವ್ರು ಮಾತ್ರ ಆರಾಮಾಗಿದ್ರು. ರಿಪೋರ್ಟ್ ಎಲ್‌ಆರ್-5, ಗಂಟು ಒಂದೇ, ರಕ್ತನಾಳಕ್ಕೆ ಹೋಗಿಲ್ಲ. ಓದಿ ಅರ್ಧ ಗಂಟೆ ಕಾರಲ್ಲೇ ಕೂತಿದ್ದೆ. ಎರಡು ಸೆಂ.ಮೀ. ಒಳಗೆ ಇರೋದ್ರಿಂದ ಗಂಟನ್ನ ಸುಡೋ ಟ್ರೀಟ್‌ಮೆಂಟೋ ಆಪರೇಷನ್ನೋ ಅಂತ ಗುರುವಾರ ಹೇಳ್ತಾರಂತೆ. ಚಿಕ್ಕಪ್ಪ ಈಗ ಸಿಡಿ ಬೇರೆ ಆಸ್ಪತ್ರೆಗೂ ತೋರ್ಸೋಣ ಅಂತಿದಾರೆ, ಅದೊಂದು ಮಾತು ಮಾತ್ರ ನಂಗೂ ಸರಿ ಅನ್ಸ್ತು, ಕಾಪಿ ಮಾಡಿಸ್ಕೊಂಡಿದೀನಿ.