ಹಳೆ ಬಟ್ಟೆ ಡೈಪರ್: ತೊಳೆದರೂ ವಾಸನೆ ಹೋಗ್ತಿಲ್ಲ, ಹುಟ್ಟೋ ಮಗುವಿಗೆ ಹಾಕಬಹುದಾ?

ಹೊಸಅಮ್ಮ (ತುಮಕೂರು)

ಎಲ್ಲರಿಗೂ ನಮಸ್ಕಾರ. ನನಗೀಗ ಎಂಟು ತಿಂಗಳು. ಹೊಸ ಬಟ್ಟೆ ಡೈಪರ್ ದುಬಾರಿ ಅಂತ ಹಳೆಯವನ್ನೇ ಹೊಂದಿಸಿಕೊಂಡಿದ್ದೇನೆ. 12 ಪಾಕೆಟ್ ಡೈಪರ್ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಸಿಕ್ಕವು. ಇನ್ನೂ 8 ನಮ್ಮ ಓರಗಿತ್ತಿ ಕೊಟ್ಟಿದ್ದು. ಜೊತೆಗೆ ಅವರದೇ ಹತ್ತಿ ಲಂಗೋಟಿಗಳೂ ಇವೆ. ಅವರ ಮಗ ಈಗ ಶಾಲೆಗೆ ಹೋಗುತ್ತಾನೆ. ಅಷ್ಟು ದಿನ ಅವರು ಕೊಟ್ಟಿದ್ದೆಲ್ಲವೂ ಟ್ರಂಕಿನಲ್ಲೇ ಇದ್ದವು.

ಎಲ್ಲವನ್ನೂ ಮೆಷಿನ್‌ಗೆ ಹಾಕಿ, ಮಕ್ಕಳ ಬಟ್ಟೆ ಒಗೆಯುವ ಲಿಕ್ವಿಡ್ಡಿನಲ್ಲಿ ತೊಳೆದೆ. ಒಣಗಿದಾಗ ಚೆನ್ನಾಗೇ ಕಾಣುತ್ತವೆ. ಆದರೆ ಒದ್ದೆಯಾದರೆ ಸಾಕು, ಮೂಗಿಗೆ ಹೊಡೆಯುವ ವಾಸನೆ. ಅತ್ತೆ ಹಂಡೆಯಲ್ಲಿ ಹಾಕಿ ಕುದಿಸು ಅಂತಾರೆ. ಕುದಿಸಿದರೆ ಹೊರಗಿನ ಪ್ಲಾಸ್ಟಿಕ್ ಪದರ ಕಿತ್ತು ಬರುತ್ತೇನೋ ಅಂತ ನನಗೆ ಭಯ. ನಮ್ಮದು ಬೋರ್‌ವೆಲ್ ನೀರು. ಬಕೆಟ್ ಅಂಚಿಗೆ ಬಿಳಿ ಕಟ್ಟುವಷ್ಟು ಗಡಸು. ಏನು ಮಾಡಲಿ?

ಹಳೇಪೇಟೆ

ಇಷ್ಟೊಂದು ಯೋಚನೆ ಯಾಕೆ? ಒಂದು ಬಕೆಟ್ ನೀರಿಗೆ ಎರಡು ಮುಚ್ಚಳ ಡೆಟಾಲ್, ಜೊತೆಗೆ ಸ್ವಲ್ಪ ಬ್ಲೀಚ್, ವಾಸನೆಗೆ ಒಂದಿಷ್ಟು ವಿನೆಗರ್ ಹಾಕಿ ರಾತ್ರಿಯೆಲ್ಲಾ ನೆನೆಸಿಡಿ. ಬೆಳಿಗ್ಗೆ ಎಲ್ಲಾ ಹೋಗಿರುತ್ತೆ.

ತೊಟ್ಟಿಲಮ್ಮ

ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಬ್ಲೀಚಿಗೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ, ಅದೂ ತುಂಬು ಗರ್ಭಿಣಿ, ಬಗ್ಗಿ ನಿಂತು ಆ ಗಾಳಿ ಕುಡಿಯುವುದು ಬೇಡವೇ ಬೇಡ. ನಿಂಬೆಹಣ್ಣು, ಟಾಯ್ಲೆಟ್ ತೊಳೆಯುವ ಆಸಿಡ್ ಕೂಡ ಅಷ್ಟೇ ಅಪಾಯ. ಡೆಟಾಲ್ ಥರದ್ದೂ ಬೇಡ. ಡೈಪರ್‌ನ ಪಾಕೆಟ್‌ನಲ್ಲಿ ಇಡುವ, ಉಚ್ಚೆ ಹೀರುವ ದಪ್ಪ ಬಟ್ಟೆ ಇದೆಯಲ್ಲ, ಆ ಇನ್ಸರ್ಟ್‌ನ ಒಳಗೆ ಡೆಟಾಲ್ ಅಂಶ ಉಳಿದುಕೊಂಡು, ಇಡೀ ದಿನ ಒದ್ದೆ ಚರ್ಮಕ್ಕೆ ತಾಗುತ್ತಾ ಇರುತ್ತದೆ.

ತಂಗಿ, ನಮ್ಮ ಬಡಾವಣೆಯಲ್ಲಿ ಹಳೆ ಡೈಪರ್‌ಗಳನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿಸುವ ಕೆಲಸ ನಾನು ಬಹಳ ಕಾಲದಿಂದ ಮಾಡುತ್ತಾ ಬಂದಿದ್ದೇನೆ. ಎಲ್ಲರೂ ಮೊದಲು ಕೇಳುವುದು 'ಏನು ಹಾಕಿ ನೆನೆಸಲಿ' ಅಂತ. ನಾನು ಮೊದಲು ಕೇಳುವುದು 'ಎಂಥ ವಾಸನೆ' ಅಂತ. ಎರಡೂ ಗಂಟನ್ನು ಬೇರೆ ಬೇರೆ ಇಟ್ಟುಕೊಂಡು, ಒಂದೊಂದು ಡೈಪರ್ ಮೇಲೆ ಒಂದು ಲೋಟ ಬಿಸಿನೀರು ಸುರಿದು ನೋಡಿ. ಕಣ್ಣಲ್ಲಿ ನೀರು ಬರಿಸುವಂಥ ಖಾರದ ವಾಸನೆಯಾದರೆ ಅದು ಹಳೆ ಉಚ್ಚೆ, ಅಮೋನಿಯಾ. ಮಳೆಗಾಲದ ಗೋಡೆಯ ಹಾಗೆ ಮುಗ್ಗಲು ವಾಸನೆಯಾದರೆ ಬೂಷ್ಟು. ಹೊಲಿಗೆಯ ಹತ್ತಿರ ಕಪ್ಪು ಚುಕ್ಕಿಗಳೂ ಇರುತ್ತವೆ. ಸೆಂಟಿನ ವಾಸನೆ ಬಂದು, ನೀರು ಹೀರದೆ ಮೇಲೇ ಜಾರಿದರೆ ಬಟ್ಟೆ ಮೆತ್ತಗಾಗಲಿ ಅಂತ ಯಾರೋ ಸಾಫ್ಟ್‌ನರ್ ಹಾಕಿದ್ದಾರೆ. ನೋಡಿ ಹೇಳಿ, ಆಮೇಲೆ ಮುಂದಿನದು.

ಹೊಸಅಮ್ಮ

ನೋಡಿದೆ ಅಕ್ಕ. ಬೆಂಗಳೂರಿನವು ಅಮೋನಿಯಾನೇ, ಅನುಮಾನವೇ ಇಲ್ಲ. ಎರಡರಲ್ಲಿ ಕಪ್ಪು ಚುಕ್ಕಿ ಕೂಡ ಇದೆ. ಓರಗಿತ್ತಿ ಕೊಟ್ಟಿದ್ದರದು ಬೇರೆ ಥರ. ಅಜ್ಜಿ ಸೀರೆ ಪೆಟ್ಟಿಗೆ ತೆಗೆದಾಗ ಬರುವ ವಾಸನೆ. ಕೇಳಿದ್ದಕ್ಕೆ, ಟ್ರಂಕಿನಲ್ಲಿ ಡಾಂಬರ್ ಗುಳಿಗೆ ಹಾಕಿಟ್ಟಿದ್ದೆ ಅಂದರು.

ಶಿಶುವಾರ್ಡ್

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಾನು ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್. ಡಾಂಬರ್ ಗುಳಿಗೆ, ಅಂದರೆ ನುಸಿಗುಳಿಗೆ, ಹಾಕಿಟ್ಟಿದ್ದ ಆ ಗಂಟನ್ನು ಮಗುವಿಗೆ ಬಳಸಬೇಡಿ. ಅದರಲ್ಲಿರುವುದು ಸಾಮಾನ್ಯವಾಗಿ ನ್ಯಾಫ್ತಲೀನ್. ಕ್ರಿಮಿ ಆಗಿದ್ದರೆ ಕೊಲ್ಲಬಹುದಿತ್ತು. ಇದು ರಾಸಾಯನಿಕ. ಬ್ಲೀಚ್ ಮಾಡಿದರೂ ಹೋಗುವುದಿಲ್ಲ. ನೀರಲ್ಲಿ ಕರಗುವುದೂ ತೀರಾ ಕಡಿಮೆ, ಅದಕ್ಕೇ ನೀವು ತೊಳೆದರೂ ವಾಸನೆ ಉಳಿದಿರುವುದು.

ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ನ್ಯಾಫ್ತಲೀನ್ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಕಾಮಾಲೆ ಏರುತ್ತಾ ಹೋಗುತ್ತದೆ. ತೀರಾ ಜಾಸ್ತಿಯಾದರೆ ಮಿದುಳಿಗೇ ಪೆಟ್ಟು. ಈ ಕೊರತೆ ಗಂಡು ಮಕ್ಕಳಲ್ಲಿ ಹೆಚ್ಚು. ಕೊರತೆ ಇಲ್ಲದ ಎಳೆಗೂಸಿಗೂ ತೊಂದರೆ ಆಗಿರುವುದುಂಟು. 1963ರಲ್ಲಿ ಗ್ರೀಸ್ ದೇಶದ ವೈದ್ಯರು ಹೀಗೆ ನುಸಿಗುಳಿಗೆಯಿಂದ ರಕ್ತಹೀನತೆಯಾದ 21 ಶಿಶುಗಳ ಬಗ್ಗೆ ವರದಿ ಮಾಡಿದ್ದರು. ಹೊಸ ಸಂಗತಿಯೇನಲ್ಲ, ಆದರೂ ನಮ್ಮ ಮನೆಗಳಿಗೆ ಇನ್ನೂ ತಲುಪಿಲ್ಲ. ಇನ್ನೊಂದು ಮಾತು. ನಾವು ಮಗುವಿಗೆ ದಿನಾ ಎಣ್ಣೆ ತಿಕ್ಕುತ್ತೇವಲ್ವಾ? ನ್ಯಾಫ್ತಲೀನ್ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಎಣ್ಣೆ ಹಚ್ಚಿದ ಚರ್ಮಕ್ಕೆ ಆ ಬಟ್ಟೆ ತಾಗಿದರೆ ಒಳಗೆ ಹೋಗುವುದು ಇನ್ನೂ ಸುಲಭ.

ಯಾರಾದರೂ ಇಂಥ ಬಟ್ಟೆಯನ್ನು ಈಗಾಗಲೇ ಹಾಕಿದ್ದರೆ ಹೆದರಿ ಕೂರಬೇಡಿ, ಮೊದಲು ತೆಗೆದು ಹೊರಗಿಡಿ. ಕಣ್ಣು, ಮೈ ಹಳದಿಯಾಗುವುದು, ಮೈ ಬಿಳಿಚಿಕೊಳ್ಳುವುದು, ಉಚ್ಚೆ ಕಾಫಿ ಬಣ್ಣಕ್ಕೆ ತಿರುಗುವುದು, ಹಾಲು ಕುಡಿಯದೆ ಮಂಕಾಗುವುದು, ಇದರಲ್ಲಿ ಯಾವುದು ಕಂಡರೂ ಅವತ್ತೇ ಆಸ್ಪತ್ರೆಗೆ ಹೋಗಿ. 'ನುಸಿಗುಳಿಗೆ ಹಾಕಿದ್ದ ಬಟ್ಟೆ ಬಳಸಿದ್ದೆವು' ಅಂತ ನೀವಾಗೇ ಹೇಳಿ. ವೈದ್ಯರಿಗೆ ಆ ಒಂದು ಮಾತಿನಿಂದ ತುಂಬಾ ಸಹಾಯ ಆಗುತ್ತದೆ.

ಹೊಸಅಮ್ಮ

ಇದು ನನಗೆ ಗೊತ್ತೇ ಇರಲಿಲ್ಲ ಸಿಸ್ಟರ್, ತುಂಬಾ ಉಪಕಾರ ಆಯ್ತು. ಲಂಗೋಟಿಗಳು ಬರೀ ಹತ್ತಿ. ಅವನ್ನಾದರೂ ಕುದಿಸಿ ಉಳಿಸಿಕೊಳ್ಳಬಹುದಾ? ಓರಗಿತ್ತಿ ಪ್ರೀತಿಯಿಂದ ಕೊಟ್ಟಿದ್ದು.

ಶಿಶುವಾರ್ಡ್

ಬೇಡ. ಕುದಿಸಿದರೆ ಅದರ ಆವಿ ಮನೆ ತುಂಬಾ ಏಳುತ್ತದೆ, ನೀವೇ ಉಸಿರಾಡುತ್ತೀರಿ. ಬಿಸಿಲು, ಗಾಳಿಗೆ ಹರವಿದರೆ ಕಡಿಮೆಯಾಗುತ್ತದೆ ನಿಜ. ಆದರೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ಮನೆಯಲ್ಲಿ ಅಳೆಯಲು ಆಗುವುದಿಲ್ಲ. ವಾಸನೆ ನಿಂತಿತು ಅಂತ ನಂಬಿ ಹುಟ್ಟಿದ ಮಗುವಿಗೆ ಸುತ್ತುವುದು ನನಗೆ ಒಪ್ಪಿಗೆಯಿಲ್ಲ. ಓರಗಿತ್ತಿಗೂ ಕಾರಣ ಬಿಡಿಸಿ ಹೇಳಿ, ಖಂಡಿತ ಅರ್ಥ ಮಾಡಿಕೊಳ್ಳುತ್ತಾರೆ. ಮಗು ಮಲಗುವ ಕೋಣೆಯ ಬೀರುವಿನಲ್ಲೂ ಗುಳಿಗೆ ಇದ್ದರೆ ಈಗಲೇ ತೆಗೆಸಿ. ಅದರ ಬದಲು ಕರ್ಪೂರ ಇಡುತ್ತಾರೆ ಕೆಲವರು. ಅದೂ ಬೇಡ, ಮಗು ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರುತ್ತದೆ.

ತೊಟ್ಟಿಲಮ್ಮ

ಸಿಸ್ಟರ್ ಹೇಳಿದ ಮೇಲೆ ಆ ಗಂಟಿನ ಮಾತು ಮುಗಿಯಿತು. ಇನ್ನು ಬೆಂಗಳೂರಿನ 12.

ತೊಳೆಯುವ ಮುಂಚೆ ಯಾವುದು ಉಳಿಸಿಕೊಳ್ಳಲು ಲಾಯಕ್ಕು ನೋಡಿ. ತೊಡೆ ಹತ್ತಿರದ ಎಲಾಸ್ಟಿಕ್ಕನ್ನು ಕಿವಿ ಪಕ್ಕ ಹಿಡಿದು ಮೆಲ್ಲಗೆ ಎಳೆಯಿರಿ. ಚರಚರ ಅಂತ ಸದ್ದು ಬಂದರೆ ರಬ್ಬರ್ ಸತ್ತಿದೆ. ದರ್ಜಿ ಹತ್ತಿರ ಹೊಸದು ಹಾಕಿಸಬಹುದು. ಕವರನ್ನು ಕಿಟಕಿ ಬೆಳಕಿಗೆ ಹಿಡಿದು ಒಳಮೈ ನೋಡಿ. ನೀರು ಸೋರದಂತೆ ತಡೆಯುವ ಪ್ಲಾಸ್ಟಿಕ್ ಪದರ, ಅಂದರೆ ಪಿಯುಎಲ್, ಬಿರಿದಿದ್ದರೆ ಅಥವಾ ಗುಳ್ಳೆ ಎದ್ದಿದ್ದರೆ ಅದನ್ನು ಬಿಡಿ, ಸೋರುತ್ತದೆ.

ಈಗ ಮುಖ್ಯವಾದ ವಿಷಯ. ಕೊಳೆ ಪೂರ್ತಿ ತೆಗೆದ ಮೇಲೇ ಬ್ಲೀಚ್, ಮುಂಚೆ ಅಲ್ಲ. ಇದಕ್ಕೆ ಎರಡು ಕಾರಣ. ಕೊಳೆ ಇದ್ದರೆ ಕ್ಲೋರಿನ್ ಎಲ್ಲಾ ಅದಕ್ಕೇ ಖರ್ಚಾಗಿ ಕ್ರಿಮಿಗೆ ಏನೂ ಉಳಿಯುವುದಿಲ್ಲ. ಎರಡನೆಯದು, ಉಚ್ಚೆಯ ಅಮೋನಿಯಾಗೆ ಬ್ಲೀಚ್ ಸೇರಿದರೆ ಕ್ಲೋರಮೀನ್ ಅನ್ನುವ ಕೆಟ್ಟ ಅನಿಲ ಬರುತ್ತದೆ. ಬ್ಲೀಚ್ ಹಾಕಿದ ಕೂಡಲೇ ಕೆಮ್ಮು ಬಂತು ಅಂತ ಬರೆಯುತ್ತಾರಲ್ಲ, ಎಷ್ಟೋ ಸಲ ಕಾರಣ ಇದೇ.

ಮಕ್ಕಳ ಲಿಕ್ವಿಡ್ ಇಂಥ ಹಳೆ ಕೊಳೆಗೆ ಸಾಲದು. ಅಂಟುವಾಳವೂ ಸಾಲದು. ಸಾಮಾನ್ಯ ಡಿಟರ್ಜೆಂಟ್ ಪುಡಿಯನ್ನೇ ಪೂರ್ತಿ ಅಳತೆಗೆ ಹಾಕಿ ಬಿಸಿನೀರಲ್ಲಿ ಒಗೆಯಿರಿ. ಕವರಿಗೆ 60 ಡಿಗ್ರಿವರೆಗೆ ಪರವಾಗಿಲ್ಲ. ಕುದಿಸುವುದು ಮಾತ್ರ ಬೇಡ, ನಿಮ್ಮ ಭಯ ಸರಿಯೇ. ಮೆಷಿನ್‌ನಲ್ಲಿ ಬಿಸಿ ಮಾಡುವ ಸೌಕರ್ಯ ಇಲ್ಲದಿದ್ದರೆ ಒಂದು ಪಾಲು ಕುದಿಯುವ ನೀರಿಗೆ ಒಂದು ಪಾಲು ತಣ್ಣೀರು ಬೆರೆಸಿ, ಸುಮಾರು ಅಷ್ಟಾಗುತ್ತದೆ. ಬಕೆಟ್ ಎತ್ತುವ ಕೆಲಸ ಮನೆಯವರು ಮಾಡಲಿ. ಇನ್ಸರ್ಟ್ ಹೊರತೆಗೆದು ಬೇರೆ ಹಾಕಿ.

ಆಮೇಲೆ ಡಿಟರ್ಜೆಂಟ್ ಇಲ್ಲದೆ ಬರೀ ಬಿಸಿನೀರಲ್ಲಿ ಅದ್ದಿ ಹಿಂಡಿ ನೋಡಿ. ನೊರೆ ಏಳುತ್ತಿದ್ದರೆ ಹಳೆ ಸೋಪು ಇನ್ನೂ ಒಳಗೇ ಇದೆ. ಗಡಸು ನೀರಿನ ಮನೆಗಳಲ್ಲಿ ಹೀಗೆ ಆಗಿಯೇ ಆಗುತ್ತದೆ. ನೀರಿನ ಸುಣ್ಣದಂಶ ಸೋಪನ್ನೂ ಉಚ್ಚೆಯನ್ನೂ ಎಳೆಗಳ ನಡುವೆ ಹಿಡಿದಿಟ್ಟುಕೊಳ್ಳುತ್ತದೆ. ತುಮಕೂರಲ್ಲಿ ನಲ್ಲಿಗೆ ಹೇಮಾವತಿ ನೀರು ಬಿಡುತ್ತಾರಲ್ವಾ? ಆ ನೀರು ಬಂದ ದಿನ ಹಿಡಿದಿಟ್ಟು ಈ ಕೆಲಸಕ್ಕೆ ಬಳಸಿ. ಫಿಲ್ಟರ್‌ನಿಂದ ಹೊರಹೋಗುವ ಆರ್‌ಓ ನೀರು ಬೇಡ, ಅದರಲ್ಲಿ ಲವಣ ಇನ್ನೂ ಜಾಸ್ತಿ. ನೊರೆ ನಿಲ್ಲುವವರೆಗೆ ಜಾಲಿಸಿ, ಅಮೋನಿಯಾ ವಾಸನೆ ಹೋಗುವವರೆಗೆ ಮತ್ತೆ ಒಗೆಯಿರಿ. ಬೇಸರದ ಕೆಲಸ ನಿಜ. ಆದರೆ ಡೈಪರ್ ಉಳಿಯುವುದೂ ಬಿಡುವುದೂ ಈ ಹಂತದಲ್ಲೇ.

ಬ್ಲೀಚ್‌ಗೆ ಬಾಟಲಿಯ ಮೇಲೆ ಬರೆದದ್ದು ಓದಿ. ಸೋಡಿಯಂ ಹೈಪೋಕ್ಲೋರೈಟ್ ಶೇ. 4 ಇದ್ದರೆ 10 ಲೀಟರ್ ತಣ್ಣೀರಿಗೆ 125 ಮಿ.ಲೀ., ಶೇ. 5 ಇದ್ದರೆ 100 ಮಿ.ಲೀ. ಆಗ ನೀರಿನಲ್ಲಿ ಅದು ಶೇ. 0.05 ಆಗುತ್ತದೆ. 30 ನಿಮಿಷ ಪೂರ್ತಿ ಮುಳುಗಿರಬೇಕು. ತೇಲಿದರೆ ಮೇಲೆ ಒಂದು ಪ್ಲಾಸ್ಟಿಕ್ ತಟ್ಟೆ ಕವುಚಿ. ರಾತ್ರಿಯೆಲ್ಲಾ ಬಿಟ್ಟರೆ ಕ್ರಿಮಿ ಜಾಸ್ತಿ ಸಾಯುತ್ತದೆ ಅಂತೇನಿಲ್ಲ, ಎಲಾಸ್ಟಿಕ್ ಸಾಯುತ್ತದೆ ಅಷ್ಟೇ. ಬಿಸಿನೀರು ಬೇಡ, ಬ್ಲೀಚ್ ಶಕ್ತಿ ಕಳೆದುಕೊಳ್ಳುತ್ತದೆ. ಹಳೆ ಬಾಟಲಿಯೂ ಬೇಡ. ಪ್ಲಾಸ್ಟಿಕ್ ಬಕೆಟ್, ಕೈಗವಸು, ಬಯಲು ಜಾಗ. ಉಣ್ಣೆ ಕವರ್ ಇದ್ದರೆ ಇದರಲ್ಲಿ ಹಾಕಲೇಬೇಡಿ, ಉಣ್ಣೆ ಕರಗಿಹೋಗುತ್ತದೆ. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಬೇಡ, ಸುಣ್ಣ ಬಟ್ಟೆಗೆ ಕೂರುತ್ತದೆ.

ಕೊನೆಗೆ ಚೆನ್ನಾಗಿ ಜಾಲಿಸಿ, ಇನ್ನೊಮ್ಮೆ ಡಿಟರ್ಜೆಂಟ್‌ನಲ್ಲಿ ಒಗೆದು, ಮತ್ತೆ ಜಾಲಿಸಿ ಬಿಸಿಲಿಗೆ ಹಾಕಿ. ಕ್ಲೋರಿನ್ ವಾಸನೆ ಉಳಿದಿರಬಾರದು. ಬ್ಲೀಚ್ ಈ ಒಂದು ಸಲಕ್ಕೆ ಮಾತ್ರ. ಮುಂದೆ ದಿನಾ ತೊಳೆಯಲು ಡಿಟರ್ಜೆಂಟ್, ಬಿಸಿನೀರು, ಬಿಸಿಲು ಸಾಕು.

ಹೊಸಅಮ್ಮ

ಅಕ್ಕ, ಎಲ್ಲಾ ನೀವು ಹೇಳಿದ ಕ್ರಮದಲ್ಲೇ ಮಾಡಿದೆವು. ಯಜಮಾನರೇ ಬಕೆಟ್ ಎತ್ತಿದ್ದು. ಮೊದಲ ನೀರು ಮಡ್ಡಿ ಮಡ್ಡಿಯಾಗಿ ಬಂತು, ಆಮೇಲಾಮೇಲೆ ತಿಳಿಯಾಯಿತು. 9 ಡೈಪರ್ ಉಳಿದವು. ಈಗ ಬಿಸಿನೀರು ಸುರಿದರೂ ವಾಸನೆ ಇಲ್ಲ. ಚುಕ್ಕಿ ಇದ್ದ ಎರಡರಲ್ಲಿ ಒಂದು ಬಿಳಿಯಾಯಿತು, ಇನ್ನೊಂದರಲ್ಲಿ ಮಾಸಲು ಗುರುತು ಉಳಿದಿದೆ.

ತೊಟ್ಟಿಲಮ್ಮ

ಬರೀ ಗುರುತಿದ್ದರೆ ಭಯವಿಲ್ಲ. ಮುಗ್ಗಲು ವಾಸನೆ ಇದ್ದರೆ ಅಥವಾ ಬಟ್ಟೆ ಲಡ್ಡಾಗಿದ್ದರೆ ಮಾತ್ರ ತೆಗೆದುಬಿಡಿ. ಲಂಗೋಟಿಗೆ ಮನೆಯಲ್ಲಿ ಹಳೆ ಮೆತ್ತನೆಯ ಹತ್ತಿ ಪಂಚೆ ಇದ್ದರೆ ಹರಿದು ಹೊಲಿಸಿ. ಅವನ್ನು ಅತ್ತೆ ಹೇಳಿದ ಹಾಗೆ ಹಂಡೆಯಲ್ಲಿ ಧಾರಾಳವಾಗಿ ಕುದಿಸಬಹುದು.

ಕರಾವಳಿಅಪ್ಪ (ಉಡುಪಿ)

ಅಕ್ಕ, ನಮ್ಮಲ್ಲಿ ಜೂನ್ ಬಂದರೆ ಬಿಸಿಲಿನ ಮಾತೇ ಇಲ್ಲ. ಅಮ್ಮ ಅಗ್ಗಿಷ್ಟಿಕೆ ಮೇಲೆ ಬುಟ್ಟಿ ಕವುಚಿ, ಸಾಂಬ್ರಾಣಿ ಹೊಗೆಯಲ್ಲಿ ಒಣಗಿಸಿದರೆ ಕ್ರಿಮಿಯೂ ಸಾಯುತ್ತೆ ಅಂತಾರೆ. ಹೌದಾ?

ತೊಟ್ಟಿಲಮ್ಮ

ಹೊಗೆಯನ್ನು ನಂಬಿ ಕ್ರಿಮಿ ಸತ್ತಿತು ಅಂತ ಬಿಡುವ ಹಾಗಿಲ್ಲ. ಜೊತೆಗೆ ಹೊಗೆ ಎಳೆಗೂಸಿನ ಎದೆಗೂ ಒಳ್ಳೆಯದಲ್ಲ. ಕೆಂಡದ ಹತ್ತಿರ ಪಿಯುಎಲ್ ಕವರ್ ಇಟ್ಟರೆ ಪದರ ಸುರುಟಿಕೊಳ್ಳುತ್ತದೆ. ಬಿಸಿನೀರಲ್ಲಿ ಒಗೆದು ಮೆಷಿನ್‌ನಲ್ಲಿ ಚೆನ್ನಾಗಿ ಹಿಂಡಿಸಿ, ಕವರ್ ಮತ್ತು ಇನ್ಸರ್ಟ್ ಬೇರೆ ಬೇರೆ ಮಾಡಿ ಫ್ಯಾನ್ ಕೆಳಗೆ ಹರವಿ. ಹತ್ತಿ ಇನ್ಸರ್ಟ್ ಆದರೆ ಒಣಗಿದ ಮೇಲೆ ಇಸ್ತ್ರಿ ಮಾಡಬಹುದು, ಕವರಿಗೆ ಇಸ್ತ್ರಿ ಬೇಡ. ಇನ್ಸರ್ಟ್ ಮೇಲ್ಮೈ ಒಣಗಿದ ಹಾಗೆ ಕಂಡರೂ ದಪ್ಪ ಹೊಲಿಗೆಯನ್ನು ಬೆರಳಲ್ಲಿ ಒತ್ತಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ಹಸಿ ಇದೆ, ಆಗಲೇ ಪಾಕೆಟ್‌ನೊಳಗೆ ತುರುಕಬೇಡಿ.