ಕುದಿಸದೆಯೇ ಹಾಲಿನ ರೋಗಾಣುಗಳು ಸಾಯುತ್ತವೆಯೇ?

ಪ್ರಶ್ನೆ: ನಮ್ಮ ಮನೆಗೆ ಪಕ್ಕದ ಕೊಟ್ಟಿಗೆಯಿಂದ ಹಸಿ ಹಾಲು ಬರುತ್ತದೆ. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದು ಕೆನೆ ನಡುಗತೊಡಗಿದೊಡನೆ ಅಮ್ಮ ಒಲೆ ಆರಿಸುತ್ತಾರೆ. ಡೇರಿಯಲ್ಲಿ ಹಾಲನ್ನು ಕುದಿಸುವುದೇ ಇಲ್ಲವಂತೆ. ಹಾಗಿದ್ದರೆ ಅಲ್ಲಿ ಮಾಡುವ ಪಾಶ್ಚರೀಕರಣವನ್ನು, ಅಂದರೆ ಕುದಿಯದಷ್ಟು ಶಾಖದಲ್ಲಿ ಕಾಯಿಸಿ ರೋಗಾಣು ಕೊಲ್ಲುವುದನ್ನು, ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ 1: ಧೈರ್ಯವಾಗಿ ನಂಬಬಹುದು. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು, ಇಲ್ಲವೇ 63 ಡಿಗ್ರಿಯಲ್ಲಿ 30 ನಿಮಿಷ, ಹಾಲಿನ ಪ್ರತಿಯೊಂದು ಹನಿಗೂ ಶಾಖ ತಾಗುವಂತೆ ನೋಡಿಕೊಂಡರೆ, ಕ್ಷಯ ತರುವ ಮೈಕೊಬ್ಯಾಕ್ಟೀರಿಯಂ ಬೋವಿಸ್, ದನಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುವ ಬ್ರುಸೆಲ್ಲಾ, ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಇವೆಲ್ಲ ಅಪಾಯವಿಲ್ಲದ ಮಟ್ಟಕ್ಕೆ ಇಳಿಯುತ್ತವೆ. ದನಕರುಗಳಿಂದ ಮನುಷ್ಯರಿಗೆ ಹರಡುವ ಕ್ಯೂ ಜ್ವರದ ರೋಗಾಣು ಕಾಕ್ಸಿಯೆಲ್ಲಾ ಇನ್ನೂ ಗಟ್ಟಿ ಜೀವಿಯೆಂದು ತಿಳಿದ ಮೇಲೆ ಅಮೆರಿಕವು 1956ರಲ್ಲಿ ಅರ್ಧ ಗಂಟೆಯ ವಿಧಾನದ ಉಷ್ಣತೆಯನ್ನು 61.7ರಿಂದ 62.8 ಡಿಗ್ರಿಗೆ ಏರಿಸಿತು.

ಉತ್ತರ 2: ಒಂದು ಮಾತು ಸೇರಿಸಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು (ಗಟ್ಟಿ ಕವಚದ ಸುಪ್ತ ರೂಪಗಳು) ಈ ಶಾಖವನ್ನು ತಾಳಿಕೊಂಡು ಉಳಿಯುತ್ತವೆ ಮತ್ತು ಹಾಲು ಬೆಚ್ಚಗಿದ್ದಾಗ ಮೊಳೆಯುತ್ತವೆ. ಆದ್ದರಿಂದಲೇ ಪಾಶ್ಚರೀಕರಿಸಿದ ಹಾಲನ್ನೂ ಫ್ರಿಜ್‌ನಲ್ಲಿಡಬೇಕು. ಶಾಖ ಸಾಕಾಯಿತೇ ಎಂಬುದನ್ನು ಡೇರಿಯವರು ಫಾಸ್ಫಟೇಸ್ ಪರೀಕ್ಷೆಯಿಂದ ಕಂಡುಕೊಳ್ಳುತ್ತಾರೆ; ಹಾಲಿನಲ್ಲೇ ಇರುವ ಆ ಕಿಣ್ವ ಉಳಿದಿದ್ದರೆ ಕಾಯಿಸಿದ್ದು ಸಾಲದು ಅಥವಾ ಹಸಿ ಹಾಲು ಬೆರೆತಿದೆ ಎಂದರ್ಥ.

ಉತ್ತರ 3: ಅಮ್ಮನಿಗೆ ದಯವಿಟ್ಟು ಹೇಳಿ: ಹಸಿ ಹಾಲನ್ನು ಕೈಯಾಡಿಸುತ್ತ, ಪೂರ್ತಿ ಉಕ್ಕುವವರೆಗೆ ಕಾಯಿಸಲಿ.